ಗೃಹಚಿಂತನ: ಹೊಸಿಲಿಗೆ ಬಂದ ಮೂಕಜೀವ

ಕಳೆದ ಸಂಚಿಕೆಯಲ್ಲಿ ಮನೆಯ ಹಿರಿಯ ಜೀವಗಳ ಆರೈಕೆಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆವು. ಅದನ್ನು ಓದಿದ ಚಿಂತಾಮಣಿಯ ಸೋದರಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. "ಮಾತು ಬಲ್ಲವರ ಬಗೆಗೆ ಬರೆದಿರಿ, ಸಂತೋಷ. ಮಾತು ಬಾರದ, ಯಾರಿಗೂ ಬೇಡವಾದ ಜೀವ ಬಾಗಿಲಿಗೆ ಬಂದರೆ ಗೃಹಸ್ಥರಾದವರು ಏನು ಮಾಡಬೇಕು? ನಮ್ಮ ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ ಬೆಕ್ಕೊಂದು ಮೂರು ಮರಿ ಹಾಕಿದೆ. ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರೋಣವೆಂದು ಮನೆಯವರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪದು. ಆದರೆ ನಮ್ಮದು ಲಿಂಗಪೂಜೆಯ ಮನೆ; ಬೆಕ್ಕು ಸಾಕುವುದು ಹೇಗೆಂಬುದೂ ತಿಳಿಯದು" ಎಂಬುದು ಆ ತಾಯಿಯ ಅಳಲು.

ಪತ್ರ ಚಿಕ್ಕದು, ಆದರೆ ಪ್ರಶ್ನೆ ಚಿಕ್ಕದಲ್ಲ. ದಯೆಯೇ ಧರ್ಮದ ಬೇರೆಂದು ನಂಬಿದ ಶರಣ ಪರಂಪರೆ ನಮ್ಮದು. ಆ ಮಾತನ್ನು ಸಭೆಗಳಲ್ಲಿ ಹೇಳುವುದು ಸುಲಭ; ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ ಆಚರಿಸುವುದು ಕಷ್ಟ. ಈ ಕಷ್ಟವನ್ನು ನಾವೂ ಅನುಭವಿಸಿದ್ದೇವೆ, ಅದರಲ್ಲಿ ತಪ್ಪಿಯೂ ಇದ್ದೇವೆ. ಆದ್ದರಿಂದ ಉಪದೇಶಕ್ಕೆ ಮೊದಲು ನಮ್ಮ ತಪ್ಪನ್ನೇ ಓದುಗ ಬಂಧುಗಳ ಮುಂದೆ ಇಡುತ್ತೇವೆ.

ಗೋಣಿಚೀಲದ ಗಂಟು

ಕೆಲವು ವರ್ಷಗಳ ಹಿಂದೆ ಕಾರ್ತಿಕ ಮಾಸದಲ್ಲಿ ಶಿಡ್ಲಘಟ್ಟದ ಸಮೀಪದ ನಮ್ಮ ಬಂಧುಗಳ ಮನೆಗೆ ಹೋಗಿದ್ದೆವು. ಮುಂಜಾನೆ ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಡೆಯುತ್ತಿರುವಾಗ ಗೊಬ್ಬರದ ಚೀಲವೊಂದು ಮಿಸುಕಾಡಿತು. ಬಾಯಿಗೆ ಹುರಿ ಕಟ್ಟಿತ್ತು. ಬಿಚ್ಚಿ ನೋಡಿದರೆ ನಾಲ್ಕು ಬೆಕ್ಕಿನ ಮರಿಗಳು. ಎರಡು ಆಗಲೇ ಸತ್ತಿದ್ದವು. ಉಳಿದೆರಡಕ್ಕೆ ಕಣ್ಣು ಬಿಟ್ಟು ಎರಡು ಮೂರು ದಿನಗಳಾಗಿದ್ದಿರಬಹುದು. ಯಾರು ತಂದು ಎಸೆದರೋ ತಿಳಿಯದು. ಎಸೆದವರು ಕ್ರೂರಿಗಳೆಂದು ನಾವು ಭಾವಿಸುವುದಿಲ್ಲ. ತಮ್ಮ ಕೈಯಿಂದ ಕೊಲ್ಲಲಾರದೆ, ಸಾಕಲೂ ಆರದೆ, ಕಣ್ಣಿಗೆ ಕಾಣದಂತೆ ಮಾಡಿ ಸಮಾಧಾನಪಟ್ಟವರು. ಆದರೆ ಚೀಲದ ಒಳಗಿದ್ದ ಜೀವಗಳಿಗೆ ಈ ಸಮಾಧಾನದಿಂದ ಏನೂ ಒದಗಲಿಲ್ಲ.

ಮರಿಗಳನ್ನು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ತಂದೆವು. ಹಸಿದಿವೆಯೆಂಬ ಕರುಣೆಯಿಂದ, ಪಾತ್ರೆಯಲ್ಲಿದ್ದ ತಣ್ಣನೆಯ ಹಸುವಿನ ಹಾಲನ್ನು ಹತ್ತಿಯ ಬತ್ತಿಯಲ್ಲಿ ಅದ್ದಿ, ಎಳೆಗೂಸನ್ನು ಮಲಗಿಸುವಂತೆ ಅಂಗಾತ ಮಲಗಿಸಿ ಬಾಯಿಗೆ ಬಿಟ್ಟೆವು. ಮರುದಿನ ಒಂದಕ್ಕೆ ಭೇದಿ ಹತ್ತಿತು, ಉಸಿರಾಟ ಏರುಪೇರಾಯಿತು. ಸಂಜೆಯೊಳಗೆ ಅದು ಪ್ರಾಣ ಬಿಟ್ಟಿತು. ಪಶುವೈದ್ಯರು ನಮ್ಮ ಮಾತು ಕೇಳಿ ಬೈಯಲಿಲ್ಲ, ಬೇಸರದಿಂದ ನಕ್ಕರು. ನಾವು ಮಾಡಿದ್ದರಲ್ಲಿ ಒಂದೂ ಸರಿಯಿರಲಿಲ್ಲ. ಚಳಿಯಿಂದ ತಣ್ಣಗಾದ ಮರಿಗೆ ಮೊದಲು ಬೇಕಾದುದು ಕಾವು, ಆಮೇಲೆ ಆಹಾರ. ಬಿಸಿನೀರು ತುಂಬಿದ ಶೀಶೆಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾದ ಮೇಲೆಯೇ ಹಾಲು ಕುಡಿಸಬೇಕು. ಕುಡಿಸುವಾಗ ಮರಿ ತಾಯಿಯ ಹೊಟ್ಟೆಗೆ ಒರಗಿರುವಂತೆ ಕವುಚಿಯೇ ಇರಬೇಕು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಸುವಿನ ಹಾಲು ಆ ಎಳೆಯ ಕರುಳಿಗೆ ಒಗ್ಗುವುದಿಲ್ಲ. ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಔಷಧದ ಅಂಗಡಿಗಳಲ್ಲಿ ಮತ್ತು ಸಾಕುಪ್ರಾಣಿಗಳ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಎರಡು ಮೂರು ಗಂಟೆಗಳಿಗೊಮ್ಮೆ, ರಾತ್ರಿಯೂ ಎದ್ದು ಕುಡಿಸಬೇಕು. ಪ್ರತಿ ಸಲ ಕುಡಿಸಿದ ನಂತರ ಬೆಚ್ಚನೆಯ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲನೆ ಒರೆಸಬೇಕು. ತಾಯಿ ಬೆಕ್ಕು ನೆಕ್ಕಿ ಮಾಡುವ ಕೆಲಸವದು. ಇಲ್ಲವಾದರೆ ಎಳೆಯ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು.

ಅರಿವಿಲ್ಲದ ಕರುಣೆಯೂ ಕೊಲ್ಲಬಲ್ಲದೆಂಬುದನ್ನು ನಾವು ಅಂದು ಕಲಿತೆವು. ಉಳಿದ ಒಂದು ಮರಿ ಬದುಕಿತು. ರೇಷ್ಮೆಯ ಎಳೆಹುಳುವಿನಷ್ಟೇ ನಾಜೂಕಾಗಿದ್ದುದರಿಂದ ಮೊಮ್ಮಗಳು ಅದಕ್ಕೆ 'ಚಾಕಿ' ಎಂದು ಹೆಸರಿಟ್ಟಳು. ಇದನ್ನು ಬರೆಯುತ್ತಿರುವಾಗ ಅದು ನಮ್ಮ ಮೇಜಿನ ಮೇಲೆ, ಬರೆಯಬೇಕಾದ ಹಾಳೆಯ ಮೇಲೆಯೇ ಮಲಗಿದೆ.

ಎತ್ತಿಕೊಳ್ಳುವ ಮೊದಲು

ಮರಿಗಳು ಕಂಡೊಡನೆ ಎತ್ತಿ ತರುವುದು ಯಾವಾಗಲೂ ಉಪಕಾರವಲ್ಲ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ನಮ್ಮ ಹಿರಿಯರು ಹೇಳುತ್ತಾರೆ. ಲೆಕ್ಕ ಏಳೇ ಆಗಬೇಕಿಲ್ಲ. ಆದರೆ ತಾವು ಕ್ಷೇಮವೆಂದು ಬಗೆದ ಜಾಗಕ್ಕೆ ತಾಯಿ ಬೆಕ್ಕು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಸಾಗಿಸುವುದು ನಿಜ. ಆಹಾರ ಹುಡುಕಲು ಅದು ಗಂಟೆಗಟ್ಟಲೆ ಹೊರಗಿರುವುದೂ ಉಂಟು. ಮರಿಗಳು ಸ್ವಚ್ಛವಾಗಿ, ಹೊಟ್ಟೆ ತುಂಬಿ, ಒತ್ತಾಗಿ ಮಲಗಿದ್ದರೆ ತಾಯಿ ಸಮೀಪದಲ್ಲೇ ಇದೆಯೆಂದು ತಿಳಿಯಬೇಕು. ದೂರ ನಿಂತು ಕೆಲವು ಗಂಟೆ ಕಾದು ನೋಡಬೇಕು. ಚೀಲದಲ್ಲಿ ಕಟ್ಟಿದ, ಗಾಯಗೊಂಡ, ಇರುವೆ ಮುತ್ತಿದ ಮರಿಗಳಿಗಾದರೆ ಕಾಯುವ ಪ್ರಶ್ನೆಯಿಲ್ಲ. ತಾಯಿ ಇರುವ ಮರಿಗಳನ್ನು ಎಂಟು ವಾರ ತುಂಬುವವರೆಗೆ ಅಗಲಿಸಬಾರದು. ತಾಯ ಹಾಲಿನಿಂದ ಬರುವ ರೋಗನಿರೋಧಕ ಶಕ್ತಿಯನ್ನೂ, ಒಡಹುಟ್ಟಿದ ಮರಿಗಳೊಡನೆ ಆಡಿ ಕಲಿಯುವ ವಿನಯವನ್ನೂ ನಾವು ಯಾವ ಅಂಗಡಿಯಿಂದಲೂ ತಂದುಕೊಡಲಾರೆವು.

ಎರಡನೆಯದಾಗಿ, ಮನೆಮಂದಿಯೆಲ್ಲ ಕುಳಿತು ಒಮ್ಮತಕ್ಕೆ ಬರಬೇಕು. ಚೆನ್ನಾಗಿ ಸಾಕಿದ ಬೆಕ್ಕು ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತದೆ. ಅದಕ್ಕಿಂತ ಹೆಚ್ಚೂ ಉಂಟು. ಇಂದು ಐದನೆಯ ತರಗತಿಯಲ್ಲಿ ಓದುವ ಮಗು ಹಟ ಹಿಡಿದು ಮರಿ ತಂದರೆ, ಆ ಮಗು ಓದು ಮುಗಿಸಿ ಕೆಲಸಕ್ಕೆ ಸೇರಿ, ಮದುವೆಯ ಮಾತು ನಡೆಯುವ ಕಾಲಕ್ಕೂ ಬೆಕ್ಕು ಮನೆಯಲ್ಲೇ ಇರುತ್ತದೆ. ಮಗುವಿಗೆ ಬೇಸರವಾದ ದಿನ ಅದರ ತಟ್ಟೆಗೆ ಆಹಾರ ಹಾಕುವವರು ಯಾರು? ಜಾತ್ರೆಗೆ, ಮದುವೆಗೆ, ಯಾತ್ರೆಗೆ ಹೋದಾಗ ನೋಡಿಕೊಳ್ಳುವ ನೆರೆಯವರು ಯಾರು? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಬೆಕ್ಕನ್ನು ಹೊಸಿಲು ದಾಟಿಸಬೇಕು.

ಇತ್ತೀಚೆಗೆ ಬೆಂಗಳೂರಿನಿಂದ ಉದ್ದ ರೋಮದ ಪರ್ಷಿಯನ್ ಬೆಕ್ಕುಗಳನ್ನು ಸಾವಿರಾರು ರೂಪಾಯಿ ತೆತ್ತು ತರುವ ಅಭ್ಯಾಸ ನಮ್ಮ ಪಟ್ಟಣಗಳಲ್ಲೂ ಕಾಣುತ್ತಿದೆ. ಆ ರೋಮವನ್ನು ದಿನವೂ ಬಾಚಬೇಕು; ನಮ್ಮ ಬೇಸಿಗೆಯ ಬಿಸಿಲು ಅದಕ್ಕೆ ಹಿಂಸೆ. ಬೀದಿಯಲ್ಲಿ ಹುಟ್ಟಿದ ನಾಡಬೆಕ್ಕು ಈ ನೆಲದ ಹವೆಗೆ ಹೊಂದಿಕೊಂಡ ಜೀವ. ಬೆಲೆ ಕೊಟ್ಟು ಕೊಳ್ಳುವುದಕ್ಕಿಂತ ಬೇಡವಾದುದನ್ನು ದತ್ತು ಪಡೆಯುವುದರಲ್ಲಿ ಪುಣ್ಯವೂ ಇದೆ, ವಿವೇಕವೂ ಇದೆ.

ನಮ್ಮ ಆಚಾರ, ಅದರ ಆಹಾರ

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯಕ್ಕೆ ಬರೋಣ. ಚಿಂತಾಮಣಿಯ ಸೋದರಿ "ನಮ್ಮದು ಲಿಂಗಪೂಜೆಯ ಮನೆ" ಎಂದು ಬರೆದುದರ ಅರ್ಥ ನಮಗೆ ಚೆನ್ನಾಗಿ ಗೊತ್ತು. ಬೆಕ್ಕು ಸಹಜವಾಗಿಯೇ ಮಾಂಸಾಹಾರಿ ಪ್ರಾಣಿ. ನಾಯಿ ಮುದ್ದೆ ಅನ್ನಗಳಲ್ಲಿ ಹೇಗೋ ಬದುಕೀತು. ಬೆಕ್ಕಿಗೆ ಅದು ಸಾಧ್ಯವಿಲ್ಲ. ಟಾರಿನ್ ಎಂಬ ಸತ್ವವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು; ಅದು ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣು ಕೆಡುತ್ತದೆ. ಹೃದಯದ ಸ್ನಾಯು ದುರ್ಬಲವಾಗಿ ಸಾಯುವುದಕ್ಕೂ ಈ ಕೊರತೆಯೇ ಕಾರಣವೆಂದು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಆ ಬಳಿಕ ಬೆಕ್ಕಿನ ಸಿದ್ಧ ಆಹಾರಕ್ಕೆ ಟಾರಿನ್ ಅನ್ನು ಹೆಚ್ಚಾಗಿ ಸೇರಿಸತೊಡಗಿದರು.

ಹಾಗಾದರೆ ನಾವು ತಲೆಮಾರುಗಳಿಂದ ಬೆಕ್ಕಿಗೆ ಹಾಕುತ್ತ ಬಂದ ಹಾಲು ಅನ್ನ? ಆ ಕಾಲದ ಬೆಕ್ಕು ನಮ್ಮ ಹಾಲು ಅನ್ನದಿಂದಷ್ಟೇ ಬದುಕಿರಲಿಲ್ಲ; ಕಣಜದ ಇಲಿ, ಹಿತ್ತಿಲಿನ ಹಲ್ಲಿಗಳಿಂದ ಬದುಕಿತ್ತು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದೂ ಇಲ್ಲ. ಬಿಸಿ ಹಾಲು ಕುಡಿಸಿ ಬೆಕ್ಕಿಗೆ ಹಾಲೆಂದರೆ ಓಡುವಂತೆ ಮಾಡಿದ ತೆನಾಲಿ ರಾಮಕೃಷ್ಣನ ಕಥೆ ಕೇಳಿ ನಾವೆಲ್ಲ ನಕ್ಕವರೇ. ಬೆಕ್ಕಿಗೆ ಹಾಲೇ ಪರಮಾಹಾರವೆಂಬ ನಮ್ಮ ನಂಬಿಕೆಯನ್ನು ಕಂಡು ಬೆಕ್ಕುಗಳೂ ನಗುತ್ತಿರಬಹುದು. ಇಂದಿನ ಸಿಮೆಂಟಿನ ಮನೆಗಳಲ್ಲಿ ಕಣಜವೂ ಇಲ್ಲ, ಇಲಿಯೂ ವಿರಳ. ಬರಿಯ ಮೊಸರನ್ನದ ಮೇಲೆ ಕೂಡಿಹಾಕಿದ ಬೆಕ್ಕು ಹೊಟ್ಟೆ ತುಂಬಿಯೂ ಸೊರಗುತ್ತದೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಾಗ ನಾಲ್ಕು ದಿನ ಮೌನ. ಮೀನಿನ ವಾಸನೆಯ ಪೊಟ್ಟಣವನ್ನು ಒಳಗೆ ತರುವುದು ಹೇಗೆ? ಎಂಬತ್ತು ದಾಟಿದ ನಮ್ಮ ತಾಯಿಯವರ ಮಡಿಗೆ, ಪೂಜೆಗೆ ಅಡ್ಡಿಯಾದೀತೆಂದು ಅವರಿಗೆ ತಿಳಿಯದಂತೆ ಮರಿಯನ್ನು ಬೇರೆಯವರಿಗೆ ಕೊಡುವ ಯೋಚನೆಯನ್ನೂ ಮಾಡಿದೆವು. ಅದು ಹೇಗೋ ಅವರ ಕಿವಿಗೆ ಬಿತ್ತು. ಪೂಜೆ ಮುಗಿಸಿ ಬಂದವರು ನಮ್ಮನ್ನು ಕರೆದು, "ಅದರ ಹೊಟ್ಟೆಯನ್ನು ಮಾಡಿದವನೂ ಶಿವನೇ ಅಲ್ಲವೇನಪ್ಪ? ನನ್ನ ನೇಮ ನನಗೆ, ಅದರ ನೇಮ ಅದಕ್ಕೆ. ಕರೆತಂದು ಉಪವಾಸ ಕೆಡಹುವುದು ಯಾವ ಆಚಾರ? ಅಡುಗೆಮನೆಗೆ ಬೇಡ, ಹಿತ್ತಿಲ ಕಟ್ಟೆಯ ಮೇಲೆ ಹಾಕಿ" ಎಂದರು. ಅಷ್ಟೇ ಮಾತು. ಅಂದಿನಿಂದ ಹಿತ್ತಿಲ ಕಟ್ಟೆಯ ಗೂಡಿನಲ್ಲಿ ಚಾಕಿಯ ಆಹಾರದ ಡಬ್ಬಿ, ಅದಕ್ಕೊಂದು ಬೇರೆ ತಟ್ಟೆ, ಬೇರೆ ಚಮಚ. ಹಾಕಿದವರು ಕೈ ತೊಳೆದು ಒಳಗೆ ಬರುವುದು ನಿಯಮ. ಒಣ ಕಾಳಿನಂಥ ಸಿದ್ಧ ಆಹಾರವಾದುದರಿಂದ ಬೇಯಿಸುವ ಗೋಜಿಲ್ಲ. ಪಕ್ಕದಲ್ಲಿ ಸದಾ ಶುದ್ಧವಾದ ನೀರು.

ಎಲ್ಲ ಮನೆಗಳೂ ಹೀಗೆಯೇ ನಿರ್ಧರಿಸಬೇಕೆಂದು ನಾವು ಹೇಳುವುದಿಲ್ಲ. ಯಾವುದೇ ರೀತಿಯಲ್ಲಿ ಇದು ತಮಗೆ ಒಗ್ಗದೆಂದು ತೋರಿದವರು ಬೆಕ್ಕನ್ನು ಸಾಕದಿರುವುದೇ ಲೇಸು. ಅದರಲ್ಲಿ ಲಜ್ಜೆಪಡುವಂಥದೇನೂ ಇಲ್ಲ. ಸಾಕಬಲ್ಲ ನೆರೆಯವರಿಗೆ ಮರಿಯನ್ನು ಒಪ್ಪಿಸಿ, ಅದರ ಲಸಿಕೆಯ ವೆಚ್ಚವನ್ನು ಭರಿಸಿದರೆ ಅದೂ ದಾಸೋಹವೇ. ಆದರೆ ಸಾಕುತ್ತೇವೆಂದು ಒಪ್ಪಿಕೊಂಡು, ನಮ್ಮ ಆಚಾರವನ್ನು ಅದರ ಹೊಟ್ಟೆಯ ಮೇಲೆ ಹೇರುವುದು ಮಾತ್ರ ಸಲ್ಲದು.

ಒಂದು ಎಚ್ಚರಿಕೆ ಅಗತ್ಯ. ಕೋಳಿ ಅಂಗಡಿಯ ಹಸಿ ತ್ಯಾಜ್ಯವನ್ನು ತಂದು ಬೆಕ್ಕಿಗೆ ಹಾಕುವವರಿದ್ದಾರೆ. 2025ರ ಆರಂಭದಲ್ಲಿ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲೇ ಕೋಳಿಗಳಿಗೆ ಹಕ್ಕಿಜ್ವರ ತಗುಲಿದ್ದು ದೃಢಪಟ್ಟು, ಕೋಳಿಗಳನ್ನು ನಾಶಪಡಿಸಬೇಕಾಗಿ ಬಂದುದನ್ನು ಓದುಗರು ಮರೆತಿರಲಾರರು. ಅದೇ ವರ್ಷದ ಜನವರಿಯಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲೂ ಈ ರೋಗಾಣು ಕಂಡುಬಂದಿತ್ತು. ಹಸಿ ಕೋಳಿ ಮಾಂಸ, ಸತ್ತ ಹಕ್ಕಿಗಳು ಬೆಕ್ಕಿನ ಬಾಯಿಗೆ ಸಿಗಬಾರದು.

ನಮ್ಮ ಅಡುಗೆಯ ಸಾರು, ಹುಳಿ, ಪಲ್ಯಗಳನ್ನೂ ಹಾಕಬಾರದು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಚಾಕೊಲೇಟ್ ಕೂಡ ವಿಷವೇ.

ಆರೋಗ್ಯ: ಅದರದೂ ನಮ್ಮದೂ

ಬೆಕ್ಕನ್ನು ತಂದ ವಾರದೊಳಗೆ ಪಶುವೈದ್ಯರಿಗೆ ತೋರಿಸಿ ಜಂತುನಾಶಕ ಕೊಡಿಸಬೇಕು. ಎಂಟು ಒಂಬತ್ತು ವಾರ ತುಂಬಿದಾಗ ಬೆಕ್ಕುಗಳ ಸಾಂಕ್ರಾಮಿಕ ರೋಗಗಳ ಲಸಿಕೆ, ಮೂರು ತಿಂಗಳಾದಾಗ ಹುಚ್ಚುರೋಗದ ಲಸಿಕೆ. ಆಮೇಲೆ ವೈದ್ಯರು ಹೇಳಿದಂತೆ ಮರುಲಸಿಕೆ. ಮೊದಲನೆಯದನ್ನು ಅನೇಕರು ಅನಾವಶ್ಯಕವೆಂದು ಬಿಡುತ್ತಾರೆ. 2025ರ ಆರಂಭದಲ್ಲಿ ರಾಯಚೂರಿನ ಕಡೆ ಪ್ಯಾನ್‌ಲ್ಯುಕೋಪೀನಿಯ ಎಂಬ ರೋಗ ಹರಡಿ ಬೆಕ್ಕುಗಳು ಸಾಲಾಗಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ವಾಂತಿ ಭೇದಿಗಳಿಂದ ಕೆಲವೇ ದಿನಗಳಲ್ಲಿ ಮರಿಗಳನ್ನು ಕೊಲ್ಲುವ ಆ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಲಸಿಕೆಯಿಂದ ಅದನ್ನು ತಡೆಯಬಹುದು.

ಹುಚ್ಚುರೋಗವಾದರೋ ಮನುಷ್ಯರಿಗೂ ಮಾರಕ. ನಾಯಿ ಕಚ್ಚಿದರೆ ಆಸ್ಪತ್ರೆಗೆ ಓಡುವ ಜನ ಬೆಕ್ಕು ಕಚ್ಚಿದರೆ, ಪರಚಿದರೆ ಅರಿಶಿನ ಹಚ್ಚಿ ಸುಮ್ಮನಾಗುತ್ತಾರೆ. ಇದು ಅಪಾಯಕರ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹೇಳಿದ ಎಲ್ಲ ದಿನಗಳಲ್ಲೂ ಚುಚ್ಚುಮದ್ದು ಪೂರೈಸಬೇಕು. ಒಂದೆರಡು ಹಾಕಿಸಿ ಬಿಡಬಾರದು. ರೋಗ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು.

ನಮ್ಮ ಸೊಸೆ ಗರ್ಭಿಣಿಯಾದಾಗ ಬಂಧುಗಳು ಒಬ್ಬರ ಹಿಂದೆ ಒಬ್ಬರಂತೆ ಬಂದು, "ಮೊದಲು ಬೆಕ್ಕನ್ನು ಆಚೆ ಹಾಕಿ" ಎಂದು ಎಚ್ಚರಿಸಿದರು. ಅವರ ಆತಂಕ ನಿರಾಧಾರವಲ್ಲ. ಬೆಕ್ಕಿನ ಮಲದ ಮೂಲಕ ಟಾಕ್ಸೊಪ್ಲಾಸ್ಮ ಎಂಬ ಜೀವಾಣು ಹರಡಿ ಗರ್ಭದ ಮಗುವಿಗೆ ಕೇಡುಂಟುಮಾಡಬಹುದು. ಆದರೆ ವೈದ್ಯರು ಹೇಳಿದ ಪರಿಹಾರ ಸರಳವಾಗಿತ್ತು. ಆ ಜೀವಾಣು ಮಲ ಬಿದ್ದ ಕೂಡಲೇ ಅಂಟುವುದಿಲ್ಲ, ಒಂದು ದಿನವಾದರೂ ಬೇಕು; ಆದ್ದರಿಂದ ಮರಳಿನ ತಟ್ಟೆಯನ್ನು ದಿನವೂ ಮನೆಯ ಬೇರೆಯವರು ಶುಚಿ ಮಾಡಬೇಕು, ಗರ್ಭಿಣಿ ಮುಟ್ಟಬಾರದು; ತೋಟದ ಮಣ್ಣು ಮುಟ್ಟಿದರೆ ಕೈ ತೊಳೆಯಬೇಕು; ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆಯಬೇಕು. ಆ ಒಂಬತ್ತು ತಿಂಗಳು ಮರಳಿನ ತಟ್ಟೆಯ ಕಾಯಕ ನಮ್ಮ ಪಾಲಿಗೆ ಬಂತು. ಮೊಮ್ಮಗ ಆರೋಗ್ಯವಾಗಿ ಹುಟ್ಟಿದ. ಚಾಕಿಯೂ ಮನೆಯಲ್ಲೇ ಉಳಿಯಿತು.

ಮನೆಮದ್ದಿನ ಚಪಲವನ್ನೂ ಬಿಡಬೇಕು. ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯ ಒಂದು ತುಣುಕು ಬೆಕ್ಕನ್ನು ಕೊಲ್ಲಬಲ್ಲದು. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಪುಡಿ ಬೆಕ್ಕಿಗೆ ವಿಷ. ಫಿನೈಲ್ ಹಾಕಿ ಒರೆಸಿದ ನೆಲ ಪೂರ್ತಿ ಒಣಗುವವರೆಗೆ ಬೆಕ್ಕನ್ನು ದೂರವಿಡಬೇಕು. ಅದು ಪಾದ ನೆಕ್ಕುವ ಪ್ರಾಣಿ.

ಸಂತಾನದ ಪ್ರಶ್ನೆ

ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು. ಗರ್ಭದ ಅವಧಿ ಸುಮಾರು ಒಂಬತ್ತು ವಾರ. ಒಂದು ಸೂಲಿಗೆ ಮೂರು ನಾಲ್ಕು ಮರಿ, ವರ್ಷಕ್ಕೆ ಎರಡು ಮೂರು ಸೂಲು. ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗುವುದೂ ಉಂಟು. ಈ ಲೆಕ್ಕವನ್ನು ಮನೆಯಲ್ಲೇ ಕುಳಿತು ಹಾಕಿ ನೋಡಿದರೆ ಗೋಣಿಚೀಲಗಳು ಎಲ್ಲಿಂದ ಬರುತ್ತವೆಂಬುದು ಅರ್ಥವಾಗುತ್ತದೆ. ಬೀದಿಗೆ ಬಿದ್ದ ಪ್ರತಿ ಮರಿಯ ಹಿಂದೆ ಶಸ್ತ್ರಚಿಕಿತ್ಸೆ ಮಾಡಿಸದ ಒಂದು ತಾಯಿ ಬೆಕ್ಕು ಇರುತ್ತದೆ.

ಚಾಕಿಗೆ ಆರು ತಿಂಗಳಾದಾಗ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಹೊರಟೆವು. "ತಾಯ್ತನ ತಪ್ಪಿಸುವುದು ಪಾಪವಲ್ಲವೆ?" ಎಂದು ನೆರೆಯ ಹಿರಿಯರೊಬ್ಬರು ಕೇಳಿದರು. ನಾವು ಶಿಡ್ಲಘಟ್ಟದ ಬದುವಿನ ಚೀಲದ ಕಥೆ ಹೇಳಿದೆವು. ಅವರು ಮರುಮಾತಾಡಲಿಲ್ಲ. ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗಳ ಹೆಚ್ಚಿನ ಹೊರೆ ದನ, ಎಮ್ಮೆ, ಕುರಿಗಳದು. ಆದರೂ ಮೊದಲು ಅಲ್ಲಿಯೇ ವಿಚಾರಿಸುವುದು ಒಳಿತು. ಆಗದಿದ್ದರೆ ಬೆಂಗಳೂರು ಸುಮಾರು 60 ಕಿಲೋಮೀಟರ್. ನಾವು ಊರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ, ಹೆಬ್ಬಾಳದಲ್ಲಿ, 1958ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ಕಾಲೇಜು ಇದೆ. ಬೆಕ್ಕನ್ನು ಚೀಲದಲ್ಲಿ ತುರುಕಿ ಒಯ್ಯಬಾರದು. ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ, ಮನೆಯ ಹಳೆಯ ಬಟ್ಟೆಯೊಂದನ್ನು ಹಾಸಿ ಒಯ್ಯಬೇಕು.

ಹುಳುಮನೆಯ ಕಾವಲುಗಾರ

ರೇಷ್ಮೆಯ ಈ ಸೀಮೆಯಲ್ಲಿ ಬೆಕ್ಕಿಗೆ ಒಂದು ಕಾಯಕವೂ ಉಂಟು. ಹುಳುವನ್ನೂ ಚಂದ್ರಿಕೆಯಲ್ಲಿ ಕಟ್ಟಿದ ಗೂಡನ್ನೂ ಇಲಿ ಹಾಳು ಮಾಡುವುದನ್ನು ನಮ್ಮ ಬೆಳೆಗಾರರೆಲ್ಲ ಬಲ್ಲರು. ಜಪಾನಿನ ತಶಿರೋಜಿಮ ಎಂಬ ಪುಟ್ಟ ದ್ವೀಪದಲ್ಲಿ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಜನ ಇಲಿಯ ಕಾಟಕ್ಕೆ ಬೆಕ್ಕುಗಳನ್ನು ಇಟ್ಟುಕೊಂಡರು. ಇಂದು ಅಲ್ಲಿ ಮನುಷ್ಯರಿಗಿಂತ ಬೆಕ್ಕುಗಳೇ ಹೆಚ್ಚು, ಬೆಕ್ಕಿಗೊಂದು ಗುಡಿಯೂ ಇದೆ. ನಾವು ಗುಡಿ ಕಟ್ಟಬೇಕಾಗಿಲ್ಲ. ಬೆಕ್ಕಿರುವ ಮನೆಯಲ್ಲಿ ಇಲಿ ಪಾಷಾಣ ಇಡದಿದ್ದರೆ ಸಾಕು. ವಿಷ ತಿಂದು ತೂರಾಡುವ ಇಲಿಯನ್ನು ಹಿಡಿದು ತಿಂದ ಬೆಕ್ಕು ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಕಾವಲಿಗೆ ಇಟ್ಟವನಿಗೇ ವಿಷ ಉಣಿಸಿದಂತೆ ಅದು. ನೂಲು ಬಿಚ್ಚುವ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಆಟವಾಡುತ್ತ ಬೆಕ್ಕು ನುಂಗಿದ ರೇಷ್ಮೆಯ ಎಳೆ ಕರುಳನ್ನು ನೆರಿಗೆಯಂತೆ ಸೆಳೆದು ಕೊಯ್ಯುತ್ತದೆ. ಬಾಯಲ್ಲಾಗಲಿ ಹಿಂಭಾಗದಲ್ಲಾಗಲಿ ಎಳೆ ಕಂಡರೆ ಜಗ್ಗಬಾರದು, ವೈದ್ಯರ ಬಳಿಗೆ ಒಯ್ಯಬೇಕು. ದೀಪಾವಳಿಯ ಪಟಾಕಿಯ ರಾತ್ರಿಗಳಲ್ಲಿ ಒಳಗಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಬೇಕು. ಉಳಿದ ದಿನಗಳಲ್ಲೂ ರಾತ್ರಿ ಒಳಗಿರುವುದೇ ಕ್ಷೇಮ. ರಸ್ತೆಯ ವಾಹನಗಳಿಗೆ ಕರುಣೆಯಿಲ್ಲ.

ಅಡ್ಡ ಬಂದ ಬೆಕ್ಕು

ಕನ್ನಡದಲ್ಲಿ ಬೆಕ್ಕೆನ್ನಿ, ಈ ಸೀಮೆಯ ತೆಲುಗಿನಲ್ಲಿ ಪಿಲ್ಲಿಯೆನ್ನಿ, ಅದು ಅಡ್ಡ ಹೋದರೆ ನಿಂತು ಹಿಂದಿರುಗುವವರು ಎರಡು ಭಾಷೆಗಳಲ್ಲೂ ಇದ್ದಾರೆ. ಶಕುನಗಳನ್ನು ಕಡೆಗಣಿಸಿ ನಡೆದ ಶರಣರ ಮಕ್ಕಳಿಗೆ ಇದು ಒಪ್ಪುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದರು. ಅಂಥವರು ಹುಟ್ಟಿದ ಸೀಮೆಯಲ್ಲಿ, ತನ್ನ ಪಾಡಿಗೆ ರಸ್ತೆ ದಾಟುವ ಪ್ರಾಣಿಗೆ ಕಲ್ಲೆಸೆಯುವುದು ನಾಚಿಕೆಗೇಡು. ಅಡ್ಡ ಬಂದ ಮನುಷ್ಯನಿಂದ ಬೆಕ್ಕಿಗೆ ಆದ ಅಪಶಕುನಗಳೇ ಲೋಕದಲ್ಲಿ ಹೆಚ್ಚು.

ಕಾನೂನಿನ ಮಾತನ್ನೂ ಹೇಳಬೇಕು. ಜೀವಿಗಳಲ್ಲಿ ಅನುಕಂಪವಿರುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು ಸಂವಿಧಾನಕ್ಕೆ 1976ರಲ್ಲಿ ಸೇರಿದ 51ಎ ವಿಧಿ ಹೇಳುತ್ತದೆ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದಂತೆ ಅಪರಾಧ. ಮೊದಲ ತಪ್ಪಿಗೆ ಅದು ವಿಧಿಸಿದ ದಂಡ 10ರಿಂದ 50 ರೂಪಾಯಿ ಮಾತ್ರ. ಆದರೆ ವಿಷ ಹಾಕಿ ಕೊಂದರೆ, ಅಂಗಹೀನ ಮಾಡಿದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಚಿಂತಾಮಣಿಯ ಸೋದರಿಗೆ

ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ದೆಹಲಿ ಮತ್ತು ಜಯಪುರಗಳಲ್ಲಿ ಪ್ರಾಣಿಗಳ ಆಶ್ರಯಧಾಮಗಳನ್ನು ಕಟ್ಟಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು, 1991ರಲ್ಲಿ ಕ್ಯುಪಾ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಹುಟ್ಟುಹಾಕಿದರು. ಮೊಮ್ಮಕ್ಕಳ ಕೈ ಹಿಡಿದು ಕೂರುವ ವಯಸ್ಸಿನಲ್ಲಿ ಪರದೇಶದ ಬೀದಿ ಪ್ರಾಣಿಗಳಿಗಾಗಿ ನಿಂತ ಆ ಹಿರಿಯ ಜೀವವನ್ನು ನೆನೆದರೆ, ನಮ್ಮ ಹಿತ್ತಿಲಿನ ಮೂರು ಮರಿಗಳು ಭಾರವೆನಿಸಬಾರದು.

ಸೋದರಿ, ತಾವು ಮಾಡಬೇಕಾದುದು ಇಷ್ಟು. ಆ ಮರಿಗಳು ಇರುವಲ್ಲೇ ಇರಲಿ. ತಾಯಿ ಬೆಕ್ಕಿಗೆ ದಿನಕ್ಕೆರಡು ಸಲ ಆಹಾರ, ಒಂದು ಬಟ್ಟಲು ನೀರು ಸೌದೆ ಕೊಟ್ಟಿಗೆಯಲ್ಲೇ ಸಿಗಲಿ. ಎಂಟು ವಾರದೊಳಗೆ ಮೂರು ಮರಿಗಳಿಗೆ ಮೂರು ಮನೆ ಹುಡುಕಿ. ಕೊಡುವ ಮೊದಲು ಆ ಮನೆಯವರ ಮನಸ್ಸನ್ನೂ ಹಿತ್ತಿಲನ್ನೂ ಕಣ್ಣಾರೆ ನೋಡಿ ಬನ್ನಿ. ಮರಿಗಳು ಹಾಲು ಬಿಟ್ಟ ಕೂಡಲೇ ತಡಮಾಡದೆ ತಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಹುಚ್ಚುರೋಗದ ಲಸಿಕೆ ಹಾಕಿಸಿ. ವೆಚ್ಚವನ್ನು ಬೀದಿಯ ನಾಲ್ಕು ಮನೆಗಳು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ತಮ್ಮ ಮನೆಯವರಿಗೆ ಈ ಪುಟವನ್ನು ಓದಿ ಹೇಳಿ. ಚೀಲ ಕಟ್ಟುವ ಮೊದಲು ಅವರು ಆ ಮರಿಗಳನ್ನು ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಲಿ.

ನಮ್ಮ ತಾಯಿಯವರು ಕಳೆದ ವರ್ಷ ಲಿಂಗೈಕ್ಯರಾದರು. ಅವರು ಪೂಜೆಗೆ ಕೂರುತ್ತಿದ್ದಾಗ ಬಾಗಿಲಾಚೆ ಕಾದು ಕೂರುತ್ತಿದ್ದ ಚಾಕಿ ಇಂದಿಗೂ ಅದೇ ಹೊತ್ತಿಗೆ, ಅದೇ ಹೊಸಿಲ ಬಳಿ ಬಂದು ಕೂರುತ್ತದೆ. ನಾವು ಅದನ್ನು ಎಬ್ಬಿಸುವುದಿಲ್ಲ.

ಶರಣು ಶರಣಾರ್ಥಿ.